ಕಡಲಾಮೆಗೆ ಇಟ್ಟ ಕುಂಕುಮ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಕುಂದಾಪುರದ ನನ್ನ ಹೊಲಿಗೆ ಅಂಗಡಿಗೆ ಬರುತ್ತಿದ್ದ ಹೆಂಗಸರು ರವಿಕೆ ಬಿಗಿಯಾಯಿತು ಎಂದು ದೂರಲು ಹೆದರುತ್ತಿದ್ದರು. ಅಳತೆ ಸರಿಯಾಗಿಯೇ ಇದೆ, ಹಬ್ಬದ ಊಟ ಜಾಸ್ತಿಯಾಗಿದೆ ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ಬಸ್ಸಿನ ಕಂಡಕ್ಟರು, ಪಂಚಾಯತಿಯವರು, ಮೀನು ತೂಗುವಾಗ ತಕ್ಕಡಿಗೆ ಬೆರಳು ತಾಗಿಸುವವರು, ಯಾರನ್ನೂ ಬಿಟ್ಟವಳಲ್ಲ. ಇಷ್ಟು ಉದ್ದ ನಾಲಿಗೆ ಇದ್ದವಳು, ಬಾಯಿ ಬಿಡಲೇಬೇಕಾಗಿದ್ದ ಒಂದು ಬೆಳಿಗ್ಗೆ ಸುಮ್ಮನಿದ್ದೆ. ಆಡಿದ ಎರಡು ಮಾತಿನಲ್ಲಿ ಒಂದು ಅರ್ಧ ಸತ್ಯ, ಇನ್ನೊಂದು ಪೂರ್ತಿ ತಪ್ಪು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷ ಆಗಿತ್ತು. ನಮ್ಮ ಮನೆ ನಾವುಂದದ ಕಡಲ ಬದಿಯಲ್ಲಿ. ಅಪ್ಪಯ್ಯ ತೀರಿಕೊಂಡಿದ್ದರು. ಮನೆಯಲ್ಲಿ ಅಬ್ಬಿ, ಅಂದರೆ ನಮ್ಮಮ್ಮ, ನನ್ನ ಅಣ್ಣ ಮತ್ತು ನಾನು. ಅಣ್ಣ ನಾಡದೋಣಿಯಲ್ಲಿ ಮೀನಿಗೆ ಹೋಗುವವನು, ನಾನು ದಿನಾ ಬಸ್ಸು ಹಿಡಿದು ಕುಂದಾಪುರಕ್ಕೆ ಹೋಗಿ ಹೊಲಿಯುವವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ನನ್ನನ್ನು ನೋಡಲು ಬಂದ ಗಂಡುಗಳು ನನ್ನ ಮಾತು ಕೇಳಿ ಚಾ ಕುಡಿದು ಹೋದವರು ಮತ್ತೆ ಬರಲಿಲ್ಲ.

ಒಂದು ಶನಿವಾರ ಅಂಗಡಿಯ ಹಿಂದಿನ ತೆಂಗಿನ ಮರದಲ್ಲಿ ಗರುಡವೊಂದು ನೈಲಾನ್ ದಾರಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಮರ ಹತ್ತುವವರನ್ನು ಕರೆಸಿ ಇಳಿಸಿದೆ. ಬ್ರಹ್ಮಾವರದ ಹತ್ತಿರ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಕಾಡುಪ್ರಾಣಿ, ಹಕ್ಕಿಗಳಿಗೆ ಆಸ್ಪತ್ರೆ ಮಾಡಿದ್ದಾರೆ ಎಂದು ಯಾರೋ ಹೇಳಿದರು. ಸೀರೆ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಹಕ್ಕಿಯನ್ನಿಟ್ಟುಕೊಂಡು ಬಸ್ಸು ಹತ್ತಿದೆ. ಪೆಟ್ಟಿಗೆಯೊಳಗಿಂದ ಕೂಗು ಕೇಳಿ ಕಂಡಕ್ಟರು ಇಳಿಯಿರಿ ಎಂದ. ನೀನೇ ಇಳಿ ಎಂದೆ. ಬಸ್ಸು ನನ್ನನ್ನು ಹೊತ್ತುಕೊಂಡೇ ಬ್ರಹ್ಮಾವರಕ್ಕೆ ಹೋಯಿತು.

ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರು ಸರಕಾರಿ ಪಶುವೈದ್ಯರಾಗಿ ನಿವೃತ್ತರಾದವರು. ಮನೆಮಾತು ತುಳು, ಹಾಗಾಗಿ ಅವರ ಕನ್ನಡ ಪುಸ್ತಕದಿಂದ ಎತ್ತಿ ಇಟ್ಟ ಹಾಗೆ. ವಯಸ್ಸಿಗೆ ಕೈ ಸ್ವಲ್ಪ ನಡುಗುತ್ತಿತ್ತು. ರೆಕ್ಕೆಯ ಸಂದಿಗೆ ಹೊಕ್ಕಿದ್ದ ದಾರವನ್ನು ಅವರು ಕತ್ತರಿಸುವುದನ್ನು ನೋಡಲಾಗದೆ, ಕೊಡಿ ಇಲ್ಲಿ ಎಂದು ಕತ್ತರಿ ಕಿತ್ತುಕೊಂಡೆ. ಹೊಲಿಗೆ ಬಿಚ್ಚುವ ಕೈ ನನ್ನದು, ಒಂದು ಗರಿಗೂ ತಾಗದಂತೆ ದಾರ ಬಿಡಿಸಿದೆ. ಆಮೇಲೆ ಗರುಡನಿಗೆ ಕೈ ಮುಗಿದೆ. ಡಾಕ್ಟರು ನಕ್ಕರು.

"ಇಲ್ಲಿ ಇದು ದೇವರಲ್ಲ ಟೈಲರಮ್ಮ, ಪೇಶೆಂಟು. ಮುಂದಿನ ಆದಿತ್ಯವಾರ ಬಂದು ನೋಡಿ, ಹೇಗಿದೆ ಅಂತ."

ಹಕ್ಕಿ ನೋಡಲು ಹೋದವಳು ಪಂಜರ ತೊಳೆದು ಬಂದೆ. ಆಮೇಲೆ ಪ್ರತಿ ಆದಿತ್ಯವಾರ ಹೋಗುವುದು ರೂಢಿಯಾಯಿತು. ಗಿಡುಗಗಳಿಗೆ ಬೂತಾಯಿ ಮೀನು ಹೆಚ್ಚುವುದು, ಕರೆಂಟು ಹೊಡೆದ ಮಂಗನ ಕೈಗೆ ಬಟ್ಟೆ ಸುತ್ತುವುದು, ನೆಲಕ್ಕೆ ಬ್ಲೀಚಿಂಗ್ ಪೌಡರು ಹಾಕಿ ಉಜ್ಜುವುದು. ಹಾವು ಹಿಡಿದು ತರುವವರಿಗೆ ಡಬಲ್ ಹೊಲಿಗೆಯ ಚೀಲ ಹೊಲಿದುಕೊಟ್ಟೆ. ಬಾವಲಿ ಮರಿಗಳಿಗೆ ಲೈನಿಂಗ್ ಬಟ್ಟೆಯ ಸಣ್ಣ ಜೋಳಿಗೆ ಹೊಲಿದೆ. ಅಲ್ಲಿ ನನ್ನನ್ನು ಯಾರೂ ಬಾಯಿಬಡುಕಿ ಎನ್ನುತ್ತಿರಲಿಲ್ಲ. ಡಾಕ್ಟರು ಬಂದವರಿಗೆಲ್ಲ ನನ್ನ ಚೀಲ ತೋರಿಸುತ್ತಿದ್ದರು, ನಾನು ಉಬ್ಬಿಹೋಗುತ್ತಿದ್ದೆ. ಮನೆಯಲ್ಲಿ ಅಬ್ಬಿ ಮಾತ್ರ ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರಬೇಕು ಎಂದು ಹಠ ಹಿಡಿದಳು.

"ಮನ್ಷರಿಗೆ ಮದ್ದ್ ಮಾಡುಕ್ ಜನ ಇಲ್ಲೆ, ಇವ್ಳಿಗೆ ಮಂಗನ ಚಾಕ್ರಿ!"

ಒಂದು ಆದಿತ್ಯವಾರ ಬಂದರಿನಿಂದ ಟೆಂಪೋದಲ್ಲಿ ಒಂದು ಕಡಲಾಮೆ ಬಂತು. ಟ್ರಾಲ್ ಬೋಟಿನವರು ಸತ್ತಿದೆ ಎಂದು ದಕ್ಕೆಯಲ್ಲಿ ಇಳಿಸಿಹೋಗಿದ್ದರಂತೆ. ಕತ್ತು ಜೋತುಬಿದ್ದಿತ್ತು, ಕಾಲುಗಳು ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದಿದ್ದವು. ಡಾಕ್ಟರು ಅದರ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ರೆಪ್ಪೆ ಅಲುಗಿತೋ ಇಲ್ಲವೋ ಎಂಬಷ್ಟು ಅಲುಗಿತು.

"ಸತ್ತಿಲ್ಲ. ನೀರು ಕುಡಿದು ಪ್ರಜ್ಞೆ ತಪ್ಪಿದೆ," ಎಂದರು.

ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಬದಿಗೆ ಹಂಚು ಜೋಡಿಸಿ ಎತ್ತರ ಮಾಡಿದರು. ತಲೆ ಇಳಿಜಾರಿಗೆ ಬಂತು, ಮೂಗಿನಿಂದ ನೀರು ತೊಟ್ಟಿಕ್ಕತೊಡಗಿತು. ಬೆನ್ನಿನ ಮೇಲೆ ಒದ್ದೆ ಗೋಣಿ ಹಾಸಿದೆವು. ಇನ್ನೇನು ಮಾಡುವುದು ಎಂದು ಕೇಳಿದೆ. ಏನೂ ಮಾಡುವುದಿಲ್ಲ, ಒಂದು ದಿನ ಕಾಯುವುದು ಎಂದರು. ನನಗೆ ನಂಬಿಕೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯದೆ ಸೀದಾ ಬ್ರಹ್ಮಾವರಕ್ಕೆ ಹೋದೆ. ಆಮೆ ತಲೆಯೆತ್ತಿ, ಮುದುಕರು ಉಸ್ಸೆಂದ ಹಾಗೆ ಒಂದು ಉಸಿರು ಬಿಟ್ಟಿತು. ನಾನು ಅತ್ತುಬಿಟ್ಟೆ.

ಆವತ್ತು ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ಆಮೆಗೆ ಮೀನಿನ ಹಾಗೆ ಕಿವಿರು ಇಲ್ಲ, ನಮ್ಮ ಹಾಗೆ ಶ್ವಾಸಕೋಶ. ಬಲೆಗೆ ಸಿಕ್ಕಿದರೆ ಮೇಲೆ ಬಂದು ಉಸಿರು ತೆಗೆಯಲಾಗದೆ ಎಚ್ಚರ ತಪ್ಪುತ್ತದೆ. ಆ ಸ್ಥಿತಿಯಲ್ಲಿ ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ನೆರಳಿನಲ್ಲಿ ಒಂದು ದಿನ ಇಟ್ಟುಕೊಂಡರೆ ಎಷ್ಟೋ ಆಮೆಗಳು ಬದುಕುತ್ತವೆ.

"ನಾನು ಹೇಳಿದರೆ ನಿಮ್ಮ ಜನ ಕೇಳುವುದಿಲ್ಲ, ಫಾರೆಸ್ಟಿನವರ ಕಡೆಯವನು ಎಂದು ಓಡುತ್ತಾರೆ. ನೀವು ಕಡಲ ಬದಿಯವರು. ನೀವು ಹೇಳಿ," ಎಂದು ಕೈಯಲ್ಲಿ ಬರೆದು ಚಿತ್ರ ಬಿಡಿಸಿ ಜೆರಾಕ್ಸ್ ಮಾಡಿಸಿದ ಹಾಳೆಗಳ ಕಟ್ಟೊಂದನ್ನು ಕೊಟ್ಟರು.

ಆ ಕಟ್ಟು ನನ್ನ ಅಂಗಡಿಯ ಮೇಜಿನ ಡ್ರಾಯರಿನಲ್ಲಿ, ಲೈನಿಂಗ್ ತುಂಡುಗಳ ಅಡಿಯಲ್ಲಿ ಉಳಿಯಿತು. ಒಂದೇ ಒಂದು ಹಾಳೆಯೂ ನಾವುಂದದ ಕಡಲಿಗೆ ಹೋಗಲಿಲ್ಲ.

ಯಾಕೆ ಎಂದರೆ ನಮ್ಮಲ್ಲಿ ಆಮೆ ಬಲೆಗೆ ಬಂದರೆ ದೇವರು ಬಂದ ಹಾಗೆ. ಅದನ್ನು ಹಿಡಿದಿಟ್ಟುಕೊಳ್ಳಬಾರದು, ಮೈ ಒಣಗುವ ಮೊದಲು ನೀರಿಗೆ ಕಳುಹಿಸಬೇಕು. ದೋಣಿಯ ಮನೆಯ ಹೆಂಗಸು ಬಂದು ಬೆನ್ನಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಬೇಕು, ಕಾಯಿ ಒಡೆಯಬೇಕು, ತಪ್ಪಾಯಿತು ಎಂದು ಕೈ ಮುಗಿಯಬೇಕು. ಆಮೆ ಹೊಯಿಗೆಯ ಮೇಲೆ, ದಡದ ಮರಳಿನಲ್ಲೇ, ಸತ್ತರೆ ಆ ಬಲೆಗೆ ಕೇಡು ಎನ್ನುತ್ತಾರೆ. ಹುಟ್ಟಿದಂದಿನಿಂದ ನೋಡಿದ ಪದ್ಧತಿ ಇದು. ಇಂಥವರ ಮುಂದೆ ನಿಂತು, ನೀವು ಭಕ್ತಿಯಿಂದ ಮಾಡುವುದೇ ಅದನ್ನು ಕೊಲ್ಲುತ್ತಿದೆ ಎಂದು ಹೇಗೆ ಹೇಳುವುದು? ಆಸ್ಪತ್ರೆಗೆ ಹೋಗಿ ದೊಡ್ಡ ಜನ ಆದಳು ಎನ್ನುತ್ತಾರೆ. ಕಂಡಕ್ಟರನ್ನು ಬೈಯುವುದು ಸುಲಭ, ನಮ್ಮವರ ಹತ್ತಿರ ಇದನ್ನು ಹೇಳುವುದು ನನ್ನಿಂದ ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನ ದೂಡಿದೆ.

ಡಾಕ್ಟರು ಕೇಳಿದಾಗ, "ಹೇಳಿದೆ ಸರ್. ಎಲ್ಲರೂ ಒಪ್ಪಿದರು," ಎಂದೆ. ಅಷ್ಟು ಸುಲಭವಾಗಿ ಸುಳ್ಳು ಬಂತು. ಅವರ ಮುಖ ಅರಳಿದ್ದನ್ನು ನೋಡಿ, "ಶುರುವಿಗೆ ಗೊಣಗಿದರು, ಆಮೇಲೆ ಸರಿಯಾದರು," ಎಂದು ಸ್ವಲ್ಪ ಒಗ್ಗರಣೆಯನ್ನೂ ಹಾಕಿದೆ. ಆಮೇಲೆ ಆಸ್ಪತ್ರೆಗೆ ಬಂದವರಿಗೆಲ್ಲ ಅವರು ನನ್ನನ್ನು ತೋರಿಸಿ, ಟೈಲರಮ್ಮ ತನ್ನ ಊರಿನ ಕಡಲತೀರವನ್ನೇ ತಿದ್ದಿದ್ದಾರೆ ಎನ್ನುತ್ತಿದ್ದರು. ನಾನು ನಾಚಿದವಳ ಹಾಗೆ ತಲೆ ತಗ್ಗಿಸಿ ಮೀನು ಹೆಚ್ಚುತ್ತಿದ್ದೆ.

ಚಳಿ ಶುರುವಾದ ಮೇಲಿನ ಒಂದು ಆದಿತ್ಯವಾರ. ಅಣ್ಣ ಹೊಸ ಬಲೆ ನೀರಿಗಿಳಿಸಿ ಒಂದು ವಾರ ಆಗಿರಲಿಲ್ಲ. ನಾನು ಸೀರೆಯುಟ್ಟು, ಬೈಂದೂರಿನಿಂದ ಬರುವ ಬಸ್ಸಿಗೆ ಹೊರಟಿದ್ದೆ. ಕಡಲ ಕಡೆಯಿಂದ ಕೂಗು ಕೇಳಿಸಿತು. ಅಣ್ಣನ ಬಲೆಗೆ ಆಮೆ ಬಂದಿದೆ ಎಂದು ಗೊತ್ತಾಗಿ ಅಬ್ಬಿ ಕುಂಕುಮದ ಬಟ್ಟಲು ಹಿಡಿದುಕೊಂಡು ಹೊರಟಳು, ನಾನೂ ಹೋದೆ.

ದೋಣಿಯ ಪಕ್ಕದಲ್ಲಿ ಹೊಯಿಗೆಯ ಮೇಲೆ ಆಮೆ ಮಲಗಿತ್ತು. ನನ್ನ ಹೊಲಿಗೆ ಮೆಷಿನಿನ ಹಲಗೆಯಷ್ಟು ಅಗಲದ ಬೆನ್ನು. ಕತ್ತು ಜೋತುಬಿದ್ದಿತ್ತು. ಸುತ್ತ ಎಂಟು ಹತ್ತು ಜನ ನಿಂತಿದ್ದರು. ಬೇಗ ಬಿಟ್ಟುಬಿಡುವ ಎಂದು ಅವರು ಅವಸರ ಮಾಡುತ್ತಿದ್ದರೂ ಅಣ್ಣ ತಡೆದು ನಿಲ್ಲಿಸಿದ್ದ.

"ಹ್ವಾಯ್, ತಡೀನಿ. ನನ್ನ ತಂಗಿ ಕಾಣ್ಲಿ. ಅವ್ಳಿಗೆ ಇದೆಲ್ಲ ಗೊತ್ತಿತ್ತ್," ಎಂದ ಅವರಿಗೆ. ನನ್ನ ಕಡೆ ತಿರುಗಿ, "ಕಾಣ್ ಮಾರಾಯ್ತಿ, ಜೀವ ಇತ್ತಾ? ನೀ ಹೇಳ್ದಂಗೆ ಮಾಡ್ತೆ," ಎಂದ.

ನಾನು ಮೊಣಕಾಲೂರಿ ಕೂತು ಅದರ ಕಣ್ಣಿನ ಮೂಲೆ ಮುಟ್ಟಿದೆ. ರೆಪ್ಪೆ ಅಲುಗಿತು. ಮುಂದೇನು ಮಾಡಬೇಕು ಎಂದು ಆ ಕಡಲ ಬದಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಣ್ಣ ಕೇಳಲು ತಯಾರಿದ್ದ. ಅಲ್ಲೇ ತೆಂಗಿನ ಮರದ ನೆರಳಿತ್ತು, ದೋಣಿಯಲ್ಲಿ ಗೋಣಿ ಇತ್ತು.

ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಆಮೆ ಇಲ್ಲೇ ಸತ್ತರೆ ಅಣ್ಣನ ಹೊಸ ಬಲೆಗೆ ಕೆಟ್ಟ ಹೆಸರು ಎಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ದೊಡ್ಡದಲ್ಲ. ಆಮೆಯನ್ನು ಇಟ್ಟುಕೊಂಡರೆ ಡಾಕ್ಟರಿಗೆ ಫೋನು ಮಾಡಬೇಕು. ಅವರು ಬರುತ್ತಾರೆ. ಬಂದವರು ಖುಷಿಯಿಂದ ಈ ಜನರ ಹತ್ತಿರ, ಟೈಲರಮ್ಮ ನಿಮಗೆ ಮೊದಲೇ ಹೇಳಿದ್ದರಲ್ಲ ಎನ್ನುತ್ತಾರೆ. ಇವರು ಯಾವಾಗ ಎಂದು ಕೇಳುತ್ತಾರೆ. ನನ್ನ ಬಾಯಿ ಕಟ್ಟಿದ್ದು ದೇವರ ಭಯವಲ್ಲ, ಈ ಲೆಕ್ಕಾಚಾರ.

"ಜೀವ ಇತ್ತ್," ಎಂದೆ. "ಬಿಡಿ."

ಎಲ್ಲರಿಗೂ ಸಮಾಧಾನವಾಯಿತು. ಅಪ್ಪಯ್ಯ ಹೋದ ಮೇಲೆ ಅಬ್ಬಿ ಕುಂಕುಮ ಹಚ್ಚುವ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಬಟ್ಟಲನ್ನು ನನಗೆ ಕೊಟ್ಟು, "ನಾ ಹಚ್ಚುಕಾಗ, ನೀ ಹಚ್ಚ್," ಎಂದಳು. ನಾನು ಮೂರು ಬೆರಳಲ್ಲಿ ಕುಂಕುಮ ತೆಗೆದು ಅದರ ಬೆನ್ನಿನ ನಡುವೆ ಉದ್ದಕ್ಕೆ ಹಚ್ಚಿದೆ. ಅಣ್ಣ ಕಾಯಿ ಒಡೆದ. ನಾಲ್ಕು ಜನ ಎತ್ತಿಕೊಂಡು ಎದೆಮಟ್ಟದ ನೀರಿಗೆ ಹೋಗಿ ಬಿಟ್ಟರು. ಒಂದು ತೆರೆ ಅದನ್ನು ಅಡ್ಡ ಮಾಡಿತು, ಆಮೇಲೆ ಅದು ಕೆಳಗೆ ಹೋಯಿತು.

"ಮುಳ್ಗಿತ್! ಹೋಯ್ತ್ ಕಾಣ್!" ಎಂದು ಜನ ಕೂಗಿದರು. ಅವರ ಪಾಲಿಗೆ ಅದು ಈಜಿ ಹೋದದ್ದು. ಅದರ ಕಾಲು ಒಂದು ಸಲವೂ ಆಡಲಿಲ್ಲ ಎನ್ನುವುದನ್ನು ನಾನು ನೋಡಿದ್ದೆ. ಆಗಲೂ ಸಮಯವಿತ್ತು. ಕೂಗಿದ್ದರೆ ಅಣ್ಣ ಹಾರಿ ಎತ್ತುತ್ತಿದ್ದ. ನಾನು ಸೀರೆಯ ಹೊಯಿಗೆ ಕೊಡವಿಕೊಂಡು ಬಸ್ಸಿಗೆ ಹೋದೆ. ಯಾಕೆ ತಡ ಎಂದು ಡಾಕ್ಟರು ಕೇಳಿದರು. ಬಸ್ಸು ಸಿಗಲಿಲ್ಲ ಎಂದೆ. ಉಗುರಿನ ಸಂದಿಯಲ್ಲಿ ಕೆಂಪು ಉಳಿದಿತ್ತು, ಮೀನು ಹೆಚ್ಚಲು ಕೂತರೆ ಯಾರಿಗೂ ಕಾಣುವುದಿಲ್ಲ ಎಂದು ಸೀದಾ ಮಣೆಯ ಹತ್ತಿರ ಹೋದೆ.

ಮಂಗಳವಾರ ಅಂಗಡಿಗೆ ಡಾಕ್ಟರ ಫೋನು ಬಂತು. ನಾವುಂದದಿಂದ ತೆಂಕಕ್ಕೆ ಎರಡು ಮೈಲಿ ದೂರದಲ್ಲಿ ಸತ್ತ ಆಮೆಯೊಂದು ದಡಕ್ಕೆ ಬಿದ್ದಿದೆ, ಅರಣ್ಯ ಇಲಾಖೆಯವರು ಕರೆದಿದ್ದಾರೆ, ಕೊಯ್ದು ನೋಡಬೇಕು, ಜತೆಗೆ ಬನ್ನಿ ಎಂದರು. ಬರುವುದಿಲ್ಲ ಎನ್ನಲು ಯಾವ ಕಾರಣವೂ ಹೊಳೆಯಲಿಲ್ಲ.

ನಾಯಿಗಳು ಒಂದು ಕಾಲನ್ನು ಎಳೆದಿದ್ದವು. ಡಾಕ್ಟರು ಕೊಯ್ದರು, ನಾನು ತಟ್ಟೆ ಹಿಡಿದೆ. ಶ್ವಾಸಕೋಶದ ತುಂಬ ನೀರು. ಅದರ ಹಿಂದೆ ಮೊಟ್ಟೆಗಳಿದ್ದವು, ಸಾಲು ಸಾಲು. ಹೊಯಿಗೆಗೆ ಬಂದು ಇಡಬೇಕಾಗಿದ್ದ ಮೊಟ್ಟೆಗಳು. ಡಾಕ್ಟರು ಒಂದೊಂದಾಗಿ ಎಣಿಸಿ ಬರೆದುಕೊಂಡರು. ನಾನು ಎಣಿಕೆಯನ್ನು ಕಿವಿಗೆ ಹಾಕಿಕೊಳ್ಳಬಾರದೆಂದು ಮನಸ್ಸಿನಲ್ಲೇ ಬೇರೆ ಏನೇನೋ ಅಳತೆಗಳನ್ನು ಹೇಳಿಕೊಳ್ಳುತ್ತಿದ್ದೆ, ಎದೆ ಮೂವತ್ತಾರು, ಸೊಂಟ ಮೂವತ್ತೆರಡು. ಬೆನ್ನನ್ನು ತಿರುಗಿಸಿದಾಗ ಚಿಪ್ಪಿನ ಜೋಡಣೆಯ ಗೆರೆಯಲ್ಲಿ, ಎಣ್ಣೆಗೆ ಅಂಟಿಕೊಂಡು, ಸ್ವಲ್ಪ ಕೆಂಪು ಉಳಿದಿತ್ತು. ಡಾಕ್ಟರು ಬೆರಳಿನಿಂದ ಒರೆಸಿ ನೋಡಿದರು.

"ಪೂಜೆ ಮಾಡಿ ಬಿಟ್ಟಿದ್ದಾರೆ. ಪಾಪ, ಗೊತ್ತಿಲ್ಲದವರು," ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವು ಬೇಸರ ಮಾಡಬೇಡಿ ಟೈಲರಮ್ಮ. ನಿಮ್ಮ ಮಾತು ಈ ಬದಿಗೆ ಮುಟ್ಟಿಲ್ಲ, ಅಷ್ಟೇ. ನಿಮ್ಮ ತಪ್ಪಲ್ಲ," ಎಂದು ಸಮಾಧಾನ ಹೇಳಿದರು.

ಆ ಕ್ಷಣ ಹೇಳಬಹುದಿತ್ತು. ನನಗೆ ಬೈಯಲಿ, ಆಸ್ಪತ್ರೆಗೆ ಬರಬೇಡ ಎನ್ನಲಿ ಎಂದು ಒಳಗೆ ಬೇಡಿಕೊಳ್ಳುತ್ತಿದ್ದೆ. ಬಾಯಲ್ಲಿ ಬಂದದ್ದು "ಹೌದು ಸರ್" ಎಂದು ಮಾತ್ರ. ಸತ್ತ ಆಮೆಗೆ ಗುಂಡಿ ತೆಗೆದವರಿಗೆ ನೀರು ತಂದುಕೊಟ್ಟು ಮನೆಗೆ ಬಂದೆ.

ಆ ವಾರ ಅಣ್ಣನ ಬಲೆಗೆ ಬಂಗಡೆ ಚೆನ್ನಾಗಿ ಬಿತ್ತು. ಆಮೆಯ ಆಶೀರ್ವಾದ ಎಂದು ಅಬ್ಬಿ ದೇವರಿಗೆ ತುಪ್ಪದ ದೀಪ ಇಟ್ಟಳು. ತೆಂಕು ಬದಿಯಲ್ಲಿ ಸತ್ತ ಆಮೆ ಬಿದ್ದ ಸುದ್ದಿ ಅಣ್ಣನ ಕಿವಿಗೂ ಬಿದ್ದಿತ್ತು. ಅವನಿಗೆ ಸಂಶಯವೇ ಬರಲಿಲ್ಲ.

"ಅದ್ ಯಾವ್ದೋ ಟ್ರಾಲ್ ಬೋಟಿಂದ್. ನಮ್ದ್ ಚಂದ ಮಾಡಿ ಹೋಯ್ತಲೆ," ಎಂದ.

ಇನ್ನೂ ಕೆಟ್ಟದ್ದು ಮುಂದಿತ್ತು. ನನ್ನ ಕೈಗುಣ ಒಳ್ಳೆಯದು ಎಂದು ಊರಲ್ಲಿ ಮಾತಾಯಿತು. ಬೇರೆ ದೋಣಿಯವರಿಗೂ ಆಮೆ ಸಿಕ್ಕಿದರೆ ಆಸ್ಪತ್ರೆಯವಳನ್ನು ಕರೆಯಿರಿ, ಅವಳೇ ಹಚ್ಚಲಿ ಎನ್ನತೊಡಗಿದರು. ಹಿಂದೆ ಬರೀ ಪದ್ಧತಿ ಎಂದು ಮಾಡುತ್ತಿದ್ದದ್ದಕ್ಕೆ ಈಗ ಆಸ್ಪತ್ರೆಯ ಒಪ್ಪಿಗೆಯೂ ಇದೆ ಎಂದಾಯಿತು. ನಾನು ಬೆಳಗಿನ ಮೊದಲ ಬಸ್ಸಿಗೇ ಹೋಗತೊಡಗಿದೆ, ಕರೆಯಲು ಬಂದವರಿಗೆ ಸಿಗಬಾರದು ಎಂದು. ಆ ಚಳಿಗಾಲ ಹಾಗೆ ತಪ್ಪಿಸಿಕೊಂಡೆ. ನಾನಿಲ್ಲದಾಗ ಎಷ್ಟು ಆಮೆಗಳನ್ನು ಬಿಟ್ಟರೋ, ಅವುಗಳಲ್ಲಿ ಎಷ್ಟು ಎಚ್ಚರವಿದ್ದವೋ, ಕೇಳುವ ಧೈರ್ಯ ಮಾಡಲಿಲ್ಲ.

ಮರುವರ್ಷದ ಚಳಿಯಲ್ಲಿ ಇನ್ನೊಂದು ಬಂತು. ಅದೂ ಅಣ್ಣನ ಬಲೆಗೇ. ಶುಕ್ರವಾರ, ನನಗೆ ಜ್ವರ, ಅಂಗಡಿಗೆ ಹೋಗಿರಲಿಲ್ಲ. ಅಣ್ಣನೇ ಓಡಿ ಬಂದು, ಬಟ್ಟಲು ತೆಗೆದುಕೊಂಡು ಬಾ ಎಂದ. ಬಟ್ಟಲು ಬಿಟ್ಟು ಹೋದೆ. ಅದೇ ಜೋತುಬಿದ್ದ ಕತ್ತು. ಕಣ್ಣು ಮುಟ್ಟಿದೆ, ರೆಪ್ಪೆ ಅಲುಗಿತು. ಎದ್ದು ಅಣ್ಣನನ್ನು ದೋಣಿಯ ಆಚೆ ಬದಿಗೆ ಕರೆದೆ.

"ಬಿಡುಕಾಗ. ಒಂದ್ ದಿನ ಇಲ್ಲೇ ನೆರಳಂಗ್ ಇಡ್ಕ್," ಎಂದೆ.

"ಎಂತಕೆ? ಹೋದ್ ಸಲ ನೀನೇ ಬಿಡಿ ಅಂದದ್ದಲ್ದಾ?"

"ಹೋದ್ ಸಲದ್ ಸತ್ತ್ ಹೋಯ್ತ್ ಅಣ್ಣ. ತೆಂಕ್ ಬದಿಗೆ ಬಂದ್ ಬಿದ್ದದ್ದ್ ನಮ್ದೇ. ಬಿಟ್ರೆ ಸಾಯ್ತ್ ಅಂದ್ಹೇಳಿ ನಂಗೆ ಅವತ್ತೇ ಗೊತ್ತಿದ್ದಿತ್."

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆಮೇಲೆ ಜನರ ಕಡೆಗೆ ಹೋಗಿ, ಯಾರೂ ಮುಟ್ಟಬೇಡಿ, ಇದು ಇಲ್ಲೇ ಇರುತ್ತದೆ ಎಂದ. ಜನ ಗಲಾಟೆ ಮಾಡಿದರು. ಸತ್ತರೆ ನಿನ್ನ ಬಲೆ ಗತಿಯೇನು ಎಂದರು. ನನ್ನ ಬಲೆ, ನನ್ನ ಗತಿ ಎಂದು ಆಮೆಯನ್ನು ತೆಂಗಿನ ಮರದಡಿಗೆ ಸಾಗಿಸಿದ. ನಾನು ಹೇಳಿದ ಹಾಗೆ ಹಿಂಬದಿಗೆ ಹಲಗೆ ಕೊಟ್ಟ, ಒದ್ದೆ ಗೋಣಿ ಹಾಸಿದ. ಇಡೀ ದಿನ ಅದರ ಪಕ್ಕದಲ್ಲಿ ಕೂತ. ಅಬ್ಬಿ ತಂದ ಗಂಜಿಯನ್ನೂ ಮುಟ್ಟಲಿಲ್ಲ.

ನಾನು ಫೋನು ಮಾಡಿದ್ದೆ, ಮಧ್ಯಾಹ್ನ ಡಾಕ್ಟರು ಬಂದರು. ಅಣ್ಣ ಗೋಣಿಗೆ ನೀರು ಹಾಕುತ್ತಿದ್ದದ್ದನ್ನು ನೋಡಿ ಅವರಿಗೆ ಹಿಡಿಸಲಾರದಷ್ಟು ಸಂತೋಷ. "ನಿಮ್ಮ ತಂಗಿ ಹೋದ ವರ್ಷವೇ ನಿಮಗೆಲ್ಲ ಹೇಳಿಕೊಟ್ಟಿದ್ದರಲ್ಲ?" ಎಂದು ಅಣ್ಣನ ಬೆನ್ನು ತಟ್ಟಿದರು.

ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಹೌದ್," ಎಂದ ಅವನು. "ಹೇಳಿದ್ಲ್. ನಾವೇ ಕೇಂಬಲಿಲ್ಲೆ."

ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದವನು. ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಮತ್ತೆ ಗೋಣಿಗೆ ನೀರು ಹಾಕತೊಡಗಿದ. ಡಾಕ್ಟರು ಈಗಿಲ್ಲ. ಕೊನೆಯವರೆಗೂ ಅವರಿಗೆ ಚೀಲ ಹೊಲಿದುಕೊಟ್ಟೆ, ನಿಜ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆಮೆ ತಲೆಯೆತ್ತಿತು. ಉಸಿರು ಬಿಟ್ಟಿತು. ಕಾಲುಗಳನ್ನು ಹೊಯಿಗೆಗೆ ಬಡಿಯತೊಡಗಿತು. ಗಲಾಟೆ ಮಾಡಿದ್ದ ಜನವೇ ಓಡೋಡಿ ಬಂದು ಜಾಗ ಬಿಟ್ಟುಕೊಟ್ಟರು. ಅದು ತಾನೇ ತೆವಳಿಕೊಂಡು ನೀರಿಗೆ ಹೋಯಿತು, ಅಣ್ಣ ಅದರ ಜತೆಗೆ ಸೊಂಟಮಟ್ಟದ ನೀರಿನವರೆಗೆ ನಡೆದ. ಎರಡು ಸಲ ಕಾಲು ಬೀಸಿ ಆಮೆ ಕಾಣದಾಯಿತು. ದಡದಲ್ಲಿ ಅಬ್ಬಿ ಅಳುತ್ತ ಕೈ ಮುಗಿಯುತ್ತಿದ್ದಳು.

ಅಣ್ಣ ನೀರಿನಿಂದ ಬಂದು ನನ್ನ ಎದುರಿಗೆ ನಿಂತ. ಹಿಂದಿನ ದಿನದಿಂದ ಮೊದಲ ಸಲ ನನ್ನ ಹತ್ತಿರ ಮಾತಾಡಿದ.

"ಅದನ್ನೂ ಹೀಂಗೇ ಇಟ್ಕಂಡಿದ್ರೆ ಬದ್ಕ್ತಿದ್ದಿತ್ತಾ?"

ಎಲ್ಲ ಆಮೆಗಳೂ ಬದುಕುವುದಿಲ್ಲ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಅವನಿಗೆ ಸಮಾಧಾನವೂ ಆಗುತ್ತಿತ್ತು. ಅವನು ನನ್ನ ಬಾಯನ್ನೇ ನೋಡುತ್ತಿದ್ದ, ಅವತ್ತು ಜೀವ ಇತ್ತಾ ಎಂದು ಕೇಳಿ ನೋಡಿದ ಹಾಗೆಯೇ.

"ಹೌದ್," ಎಂದೆ.